ಯಜಮಾನಿಯ ಎದೆಬಿಲ್ಲೆ

ಗೋಡೆಯ ತುಂಬ ಹರಡಿದ್ದ ಪರದೆಯಲ್ಲಿ, ಮಂಡಕ್ಕಿ ಭಟ್ಟಿ ಓಣಿಯ ಮೂಲೆಯ ಒಂದು ದೀಪ ಹಳದಿಯಾಯಿತು. ಕುರ್ಚಿಯ ಮೇಲೆ ಒಂದು ಕಾಲು ಮಡಚಿ, ಇನ್ನೊಂದು ಕಾಲನ್ನು ಸುಮ್ಮಸುಮ್ಮನೆ ಅಲ್ಲಾಡಿಸುತ್ತ ಕೂತಿದ್ದ ವನಜಾಕ್ಷಿ ಫೋನ್ ಹಚ್ಚಿದಳು.

"ಗೌರಮ್ಮ ಅವರಾ? ಹೃದಯ ಕಾವಲು ಕೇಂದ್ರದಿಂದ ಮಾತಾಡ್ತಿದೀವಿ."

"ಗೌರಮ್ಮ ನೀರು ಹಿಡಿಯಾಕೆ ಹೋಗ್ಯಾಳೆ. ನಾನು ಅವಳ ಗಂಡ," ಎಂದಿತು ಏದುಸಿರಿನ ಗಂಡುದನಿ.

"ಬಿಲ್ಲೆ ಯಾರ ಎದೆ ಮೇಲೈತೆ?"

"ಇನ್ಯಾರ ಎದೆ ಮೇಲಿರ್ತೈತೆ? ನಂದೇ."

"ಹಂಗಾದ್ರೆ ಹೊತ್ತಿರೋ ಚೀಲ ಕೆಳಗಿಳಿಸಿ ನೆಳ್ಳಾಗೆ ಕೂತ್ಕಳ್ಳಣ್ಣ. ಬಾಯಾಗಿನ ಬೀಡಿ ಎಸಿ."

"ಬೀಡಿನೂ ಕಾಣ್ತೈತಾ ನಿಮ್ಮ ಮಿಷನ್ನಾಗೆ?"

"ಅದಕ್ಕೆ ಮಿಷನ್ ಯಾಕೆ ಬೇಕು? ನಿನ್ನ ಕೆಮ್ಮೇ ಸಾಕು."

ದೀಪ ಮೆಲ್ಲಗೆ ಹಸಿರಿಗೆ ಮರಳಿತು. ಪಕ್ಕದ ಕುರ್ಚಿಯ ಫರ್ಹಾನಾ ಕಿಸಕ್ಕನೆ ನಕ್ಕಳು. ಆ ಕೇಂದ್ರದಲ್ಲಿ ದಿನಬೆಳಗಾದರೆ ನಡೆಯುತ್ತಿದ್ದ ಮಾತುಕತೆ ಇದೇ. ಫೋನ್ ಮಾಡುವುದು ಗೌರಮ್ಮನಿಗೆ, ಶಾಂತಮ್ಮನಿಗೆ, ಖಾತೂನ್‌ಬಿಗೆ. ಎತ್ತಿ ಮಾತಾಡುವವರು ಮಾತ್ರ ಅವರವರ ಗಂಡಂದಿರು.

ಎದೆಬಿಲ್ಲೆ ಎಂದರೆ ನಾಣ್ಯದಷ್ಟು ಅಗಲದ, ಬೆರಳುಗುರಿನಷ್ಟು ತೆಳ್ಳಗಿನ ಒಂದು ಬಿಲ್ಲೆ. ಎಡ ಎದೆಯ ಮೇಲೆ ಅಂಟಿಸಿಕೊಂಡುಬಿಟ್ಟರೆ ಹೃದಯದ ಬಡಿತ, ರಕ್ತದ ಒತ್ತಡ, ಬೆವರಿನ ಉಪ್ಪು ಎಲ್ಲವನ್ನೂ ಅದು ಅಳೆಯುತ್ತ ಕೇಂದ್ರದ ಯಂತ್ರಕ್ಕೆ ಕಳಿಸುತ್ತದೆ. ಯಂತ್ರ ಅದನ್ನೆಲ್ಲ ಕೂಡಿಸಿ ಕಳೆದು, ಹೃದಯಾಘಾತದ ಸುಳಿವು ಸಿಕ್ಕರೆ ಹಳದಿ ತೋರಿಸುತ್ತದೆ. ಗಂಡಾಂತರ ಹೊಸ್ತಿಲಿಗೇ ಬಂದಿದ್ದರೆ ಕೆಂಪು. ಬಿಲ್ಲೆಯ ಮೇಲೂ ಅದೇ ಬಣ್ಣ ಹೊಳೆಯುತ್ತದೆ. ಪರದೇಶದಲ್ಲಿ ಕೈಗಡಿಯಾರದಂತೆ ಕಟ್ಟಿಕೊಳ್ಳುವ ಬೆಲೆಬಾಳುವ ಯಂತ್ರಗಳಿದ್ದವು, ನಿಜ. ಆದರೆ ಅವಕ್ಕೆ ಗೊತ್ತಿದ್ದದ್ದು ದಪ್ಪ ಮೈಯ, ವಯಸ್ಸಾದ, ಬೆಣ್ಣೆ ಮಾಂಸ ತಿಂದ ಎದೆಗಳು. ಈ ಊರಿನವರು ಸಣಕಲು ಮೈಯಲ್ಲಿ, ನಲವತ್ತು ದಾಟುವ ಮೊದಲೇ, ಭಟ್ಟಿಯ ಹೊಟ್ಟಿನ ಹೊಗೆ ಕುಡಿದು, ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿದ ಮೆಣಸಿನಕಾಯಿ ತಿಂದು, ಉಪ್ಪುನೀರಿನಲ್ಲಿ ನೆನೆಸಿ ಹುರಿದ ಮಂಡಕ್ಕಿಯಲ್ಲೇ ಎರಡು ಹೊತ್ತು ಕಳೆದು, ಒಂದು ದಿನ ಚಹಾದಂಗಡಿಯ ಮುಂದೆ ಕುಸಿದು ಹೋಗಿಬಿಡುತ್ತಿದ್ದರು. ಸಾಹುಕಾರರ ಕಾಯಿಲೆ ಅಂದುಕೊಂಡಿದ್ದು ಬಡವರ ಓಣಿಗೆ ಬಂದು ಚಾಪೆ ಹಾಸಿಕೊಂಡು ಕೂತಿತ್ತು. ಅದಕ್ಕೇ ನಮ್ಮದೇ ಬಿಲ್ಲೆ, ನಮ್ಮೂರಿನ ಎದೆಗಳಿಂದಲೇ ಕಲಿಯುವ ಯಂತ್ರ ಬೇಕೆಂದು ಹಟ ಹಿಡಿದು ಸರ್ಕಾರದವರು ಮಾಡಿಸಿದ್ದರು.

ತಲೆಗೊಂದು ಬಿಲ್ಲೆ ಕೊಡುವ ಶಕ್ತಿ ಸರ್ಕಾರಕ್ಕಿರಲಿಲ್ಲ. ರೇಷನ್ ಕಾರ್ಡಿಗೆ ಒಂದು ಎಂದರು. ಕಾರ್ಡಿನಲ್ಲಿ ಮನೆಯ ಯಜಮಾನಿ ಹೆಂಗಸು. ಹಾಗಾಗಿ ಬಿಲ್ಲೆಗಳೆಲ್ಲ ಹೆಂಗಸರ ಹೆಸರಿಗೇ ಬಂದವು. ಹೆಂಗಸರು ಸಾಲಿನಲ್ಲಿ ನಿಂತು, ಹೆಬ್ಬೆಟ್ಟು ಒತ್ತಿ, ಫೋಟೋ ತೆಗೆಸಿಕೊಂಡು, ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದು, ಸೀದಾ ಗಂಡನ ಬನಿಯನ್ನು ಎತ್ತಿ ಅಂಟಿಸಿದರು. ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ. ಬಿಸಿ ರೊಟ್ಟಿ ಮೊದಲು ಯಾರ ತಟ್ಟೆಗೆ ಬೀಳಬೇಕು ಎಂಬುದನ್ನು ಯಾರಾದರೂ ಹೇಳಿಕೊಡುತ್ತಾರೆಯೇ? ಇದೂ ಹಾಗೇ.

ಕೇಂದ್ರದಲ್ಲಿ ಫೋನ್ ಹಿಡಿದು ಕೂತವರೆಲ್ಲ ಅದೇ ಓಣಿಗಳ ಹುಡುಗಿಯರು, ಅವರಿಗೆ ಇದು ಗುಟ್ಟೇ ಅಲ್ಲ. ಒಂದು ಜೀವ ಉಳಿದರಾಯಿತಪ್ಪ, ಯಾವ ಎದೆಯಾದರೇನು ಎಂದುಕೊಂಡಿದ್ದರು. ವನಜಾಕ್ಷಿಯೂ ಹಾಗೇ ಅಂದುಕೊಂಡಿದ್ದಳು. ಅತ್ತಿಗೆ ಹನುಮಕ್ಕನ ಹೆಸರಿಗೆ ಬಂದ ಬಿಲ್ಲೆಯನ್ನು ಅಣ್ಣ ಹಾಲೇಶಪ್ಪನ ಎದೆಗೆ ಅಂಟಿಸಿದವಳು ಅವಳೇ.

ಅದರಿಂದಲೇ ಅಣ್ಣ ಉಳಿದಿದ್ದ ಕೂಡ. ಹೋದ ವರ್ಷ ದೀಪ ಕೆಂಪಾಗಿ, ಆಂಬುಲೆನ್ಸಿನವರು ಬಂದು "ಹನುಮಕ್ಕ ಯಾರು?" ಎಂದಾಗ ಹಾಲೇಶಪ್ಪ ಎದೆ ಹಿಡಿದುಕೊಂಡು "ನಾನೇ" ಅಂದಿದ್ದ. ಆಸ್ಪತ್ರೆಯವರು ನಕ್ಕು, ಕಂಪ್ಯೂಟರಿನಲ್ಲಿ ಹೆಸರು ಬದಲಾಯಿಸುವ ತಾಪತ್ರಯ ಯಾರಿಗೆ ಬೇಕೆಂದು ಹಾಗೇ ಬಿಟ್ಟು ಸ್ಟೆಂಟ್ ಹಾಕಿ ಕಳಿಸಿದರು. ಸರ್ಕಾರದ ಪ್ರಕಾರ ಎದೆಯೊಳಗೆ ಸ್ಟೆಂಟ್ ಇದ್ದದ್ದು ಹನುಮಕ್ಕನಿಗೆ. ಹನುಮಕ್ಕ ಮಾತ್ರ ಬೆಳಗಾದರೆ ಭಟ್ಟಿಯ ಮುಂದೆ ನಿಂತು ಮರಳು ಬಾಂಡ್ಲಿಯಲ್ಲಿ ಅಕ್ಕಿ ಹುರಿಯುತ್ತಿದ್ದಳು.

ಆ ದಿನ ಊಟದ ಹೊತ್ತಿಗೆ ಕೇಂದ್ರದ ಮುಖ್ಯಸ್ಥರಾದ ಡಾಕ್ಟರ್ ಇನಾಮದಾರರು ಎಲ್ಲರನ್ನೂ ಒಟ್ಟು ಕರೆದರು. ಧಾರವಾಡದ ಕಡೆಯವರು, ಮೆತ್ತಗಿನ ಮನುಷ್ಯ. ಖುಷಿಯಾದರೆ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಳ್ಳುವುದು ಅವರ ಅಭ್ಯಾಸ. ಈಗಲೂ ಒರೆಸುತ್ತಿದ್ದರು.

"ನಾಳೆಯಿಂದ ದೊಡ್ಡಾಸ್ಪತ್ರಿ ಹೃದಯ ವಾರ್ಡಿನ ಹಾಸಿಗಿ ನಮ್ಮ ಯಂತ್ರನ ಹಂಚ್ತದ. ಎದಿ ಸುಡ್ತದ, ಗ್ಯಾಸು ಅಂತ ಬಂದವ್ರಿಂದನ ಹಾಸಿಗಿ ತುಂಬಿ, ಖರೇ ಪೇಷಂಟು ವರಾಂಡದಾಗ ಸಾಯ್ಲಿಕ್ಕತ್ತಿದ್ರು. ಇನ್ನ ಮ್ಯಾಲೆ ಬಿಲ್ಲಿ ಕೆಂಪಾದವ್ರಿಗೆ ಬಾಗಿಲ ತಾನ ತೆರೀತದ. ಹಸಿರಿದ್ದವ್ರು ಹೊರಗಿನ ಚೀಟಿ ಸಾಲಿಗೆ."

ಚಪ್ಪಾಳೆ ತಟ್ಟಿದರು. ಇನಾಮದಾರರು ಕನ್ನಡಕ ಹಾಕಿಕೊಂಡರು.

"ಇನ್ನೊಂದು ಮಾತು. ಯಂತ್ರ ಒಂದು ಹೊಸಾದು ಕಂಡು ಹಿಡದದ. ಹೆಣ್ಣುಮಕ್ಕಳಿಗೆ ಹೃದಯಾಘಾತ ಬ್ಯಾರೆ ಥರಾ ಬರ್ತದ ಅಂತ ನಾವೆಲ್ಲ ಓದೀವಿ. ಎದಿ ನೋವ ಇರಂಗಿಲ್ಲ. ದವಡಿ ನೋಯ್ತದ, ಬೆನ್ನು ಹಿಡೀತದ, ವಾಂತಿ, ಸುಸ್ತು. ಆದ್ರ ಈ ಊರ ಹೆಣ್ಣುಮಕ್ಕಳೊಳಗ ಅದೇನೂ ಇಲ್ಲ. ಬೀಡಿ ಸೇದೋ ಗಂಡಸರ ಎದಿ ಹೆಂಗೋ, ಇವರದೂ ಸೇಮ್ ಹಂಗ ಅದ! ಪ್ರಪಂಚದಾಗ ಎಲ್ಲೂ ಹಿಂಗ ಕಂಡಿಲ್ಲ."

ಫರ್ಹಾನಾ ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡಳು. ವನಜಾಕ್ಷಿ ನಗು ತಡೆಯಲು ತುಟಿ ಕಚ್ಚಿದಳು. ಆದರೆ ಕಚ್ಚಿದ ತುಟಿ ಹಾಗೇ ನಿಂತಿತು.

"ಸರ್, ಯಂತ್ರ ಕಲಿಯುತ್ತೆ ಅಂತೀರಲ್ಲ, ಹೆಂಗೆ ಕಲಿಯುತ್ತೆ?"

"ಸಣ್ಣ ಕೂಸು ಹೆಂಗ ಕಲೀತದ? ಮನಿಯಾಗ ನೋಡಿದ್ದನ್ನ ನೋಡಿ. ಇವರು ಹೆಣ್ಣುಮಕ್ಕಳು ಅಂತ ಹೇಳಿ ನಾವು ತೋರಿಸ್ತೀವಿ. ಹೆಣ್ಣುಮಕ್ಕಳ ಎದಿ ಅಂದ್ರ ಹಿಂಗ ಇರ್ತದ ಅಂತ ಅದು ತಿಳ್ಕೋತದ."

"ದವಡೆ ನೋವು, ವಾಂತಿ ಇವೆಲ್ಲ?"

"ಮೊದಲಿಗೆ ಕಲಿಸಿದ್ವಿ. ಇಲ್ಲಿ ಒಮ್ಮೆನೂ ಕಾಣಲಿಲ್ಲ ನೋಡ್ರಿ, ಅದಕ್ಕ ತಾನ ಮರತುಬಿಟ್ಟದ," ಎಂದು ಇನಾಮದಾರರು ನಕ್ಕರು.

ಆಮೇಲೆ ಬುತ್ತಿ ಬಿಚ್ಚಿದ ವನಜಾಕ್ಷಿ ಪರದೆಯ ಕಡೆ ತಿರುಗಿ ಕೂತಳು. ಪರದೆಯ ಮೇಲೆ ಸಾವಿರಾರು ಹಸಿರು ದೀಪಗಳು ಮಿನುಗುತ್ತಿದ್ದವು. ಒಂದೊಂದರ ಕೆಳಗೂ ಒಬ್ಬೊಬ್ಬ ಹೆಂಗಸಿನ ಹೆಸರು. ಅಷ್ಟೂ ಹೆಂಗಸರಲ್ಲಿ ಒಬ್ಬಳ ಎದೆಯನ್ನಾದರೂ ಈ ಯಂತ್ರ ಕೇಳಿದೆಯೇ ಎಂದು ಅವಳಿಗೆ ಮೊದಲ ಸಲ ಅನುಮಾನ ಬಂತು. ಬಂದ ಮೇಲೆ ಅದು ಹೋಗಲೊಲ್ಲದು. ಎದ್ದಳು, ನೀರು ಕುಡಿದಳು, ಕೂತಳು, ಮತ್ತೆ ಎದ್ದಳು.

"ಏನಾಗೈತೆ ನಿಂಗೆ? ಕುರ್ಚಿ ಮೇಲೆ ಇರುವೆ ಬಿಟ್ಟಾರಾ?" ಎಂದಳು ಫರ್ಹಾನಾ.

ಸಂಜೆ ಮನೆಗೆ ಬಂದರೆ ಹನುಮಕ್ಕ ಒಲೆಯ ಮುಂದೆ ಕೂತು ಎಡ ದವಡೆಗೆ ಲವಂಗ ಒತ್ತಿ ಹಿಡಿದುಕೊಂಡಿದ್ದಳು.

ವನಜಾಕ್ಷಿಯ ಕಾಲು ಬಾಗಿಲಲ್ಲೇ ನಿಂತುಹೋಯಿತು. ಈ ಅತ್ತಿಗೆಯ ಬಗ್ಗೆ ಒಂದು ಮಾತು ಹೇಳಬೇಕು. ಗಂಡನ ಮನೆ ಸಾಕೆಂದು ವನಜಾಕ್ಷಿ ಒಂದು ಚೀಲ ಹಿಡಿದು ಬಂದ ದಿನ ಓಣಿಯ ಮಂದಿಯೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಹನುಮಕ್ಕ ಏನು, ಎತ್ತ, ಯಾಕೆ ಎಂದು ಒಂದೂ ಕೇಳಲಿಲ್ಲ. "ಒಳಕ್ಕೆ ಬಾ, ಅನ್ನ ಆಗೈತೆ" ಅಂದಳು, ಅಷ್ಟೇ. ಕಂಪ್ಯೂಟರ್ ಕಲಿಯಲು ಕಳಿಸಿದವಳೂ ಅವಳೇ. ವನಜಾಕ್ಷಿಗೆ ತಾಯಿಯ ಮುಖ ಸರಿಯಾಗಿ ನೆನಪಿಲ್ಲ. ತಾಯಿ ಎಂದರೆ ಕಣ್ಣಿಗೆ ಬರುವುದು ಹೊಗೆಯಿಂದ ಕೆಂಪಾದ ಕಣ್ಣಿನ ಈ ಹೆಂಗಸು.

"ಹಲ್ಲು ನೋವಾ ಅತ್ತಿಗೆ?"

"ಹಲ್ಲೋ ದವಡೆಯೋ ಯಾವನಿಗೊತ್ತು. ಬೆಳಗ್ಗಿಂದ ಹಿಡಕಂಡೈತೆ. ಬೆನ್ನೂ ಹಂಗೇ. ಪಿತ್ತ ಆಗಿರಬೇಕು, ಉಂಡಿದ್ದು ಮೇಲಕ್ಕೆ ಬರ್ತೈತೆ. ಒಂದು ಸೋಡಾ ಕುಡಿದ್ರೆ ಸರಿಹೋಗ್ತೈತೆ ಬಿಡು."

"ಅಣ್ಣಾ, ಬಿಲ್ಲೆ ತೆಗಿ."

ಹಾಲೇಶಪ್ಪ ಬೆಚ್ಚಿಬಿದ್ದ. ಸ್ಟೆಂಟ್ ಹಾಕಿಸಿಕೊಂಡು ಬಂದಾಗಿನಿಂದ ಅವನಿಗೆ ಬಿಲ್ಲೆಯೇ ಮನೆದೇವರು. ಮಾತಾಡುವಾಗ, ಉಣ್ಣುವಾಗ, ಕೈ ತಾನೇತಾನಾಗಿ ಎದೆಯ ಮೇಲೆ ಹೋಗಿ ಅದು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತಿತ್ತು. ಭಟ್ಟಿಗೆ ಹೊಟ್ಟು ಸುರಿಯುವ ಕೆಲಸ ಬಿಟ್ಟು ಈಗ ಚೀಲ ಹೊಲಿಯುತ್ತಿದ್ದ. ಮೆಟ್ಟಿಲೆಂದರೆ ಸಾಕು, ಮಾರು ದೂರ ಸುತ್ತಿಕೊಂಡು ಹೋಗುತ್ತಿದ್ದ.

"ಯಾಕೆ ತೆಗೀಬೇಕು?"

"ಅತ್ತಿಗೆಗೆ ಹಚ್ಚಿ ನೋಡ್ತೀನಿ. ಒಂದು ಗಳಿಗೆ."

"ಬ್ಯಾಡ ಕಣೇ ವನಜಿ," ಎಂದು ಹನುಮಕ್ಕ ಒಲೆಯ ಬಳಿಯಿಂದಲೇ ಕೈ ಆಡಿಸಿದಳು. "ಅವರ ಎದೆಯಾಗೆ ತಂತಿ ಐತೆ. ಬಿಚ್ಚಿದಾಗಲೇ ಏನಾದ್ರೂ ಆದ್ರೆ? ನನಗೇನು ಧಾಡಿ?"

ವನಜಾಕ್ಷಿ ಕೇಳಲಿಲ್ಲ. ಅಣ್ಣನ ಎದೆಯಿಂದ ಕಿತ್ತು ಅತ್ತಿಗೆಯ ಎದೆಗೆ ಒತ್ತಿದಳು. ಹಾಲೇಶಪ್ಪ ಗೋಡೆಗೆ ಒರಗಿ, ಎರಡೂ ಅಂಗೈಗಳನ್ನು ಎದೆಯ ಮೇಲಿಟ್ಟುಕೊಂಡು, "ಆಯ್ತಾ? ಆಯ್ತಾ?" ಎನ್ನುತ್ತಿದ್ದ. ಬಿಲ್ಲೆ ಒಂದೆರಡು ಸಲ ಕಣ್ಣು ಮಿಟುಕಿಸಿ ಹಚ್ಚಗೆ ಹಸಿರಾಯಿತು.

"ನೋಡಿದ್ಯಾ? ಪಿತ್ತ ಅಂದ್ನಾ ಇಲ್ವಾ?" ಹನುಮಕ್ಕನ ಮುಖ ಅರಳಿತು. ಬಿಲ್ಲೆ ಬಿಚ್ಚಿ ಸೆರಗಿನಲ್ಲಿ ಒರೆಸಿ ಗಂಡನ ಕೈಗೆ ಕೊಟ್ಟಳು. ಹಾಲೇಶಪ್ಪ ಅದನ್ನು ಅಂಟಿಸಿಕೊಂಡ ಮೇಲೆಯೇ ಸರಿಯಾಗಿ ಉಸಿರುಬಿಟ್ಟ.

ನಿನ್ನೆಯಾಗಿದ್ದರೆ ಆ ಹಸಿರು ನೋಡಿ ವನಜಾಕ್ಷಿ ನಿರಾಳವಾಗುತ್ತಿದ್ದಳು. ಇವತ್ತು ಅವಳಿಗೆ ಆ ಹಸಿರೇ ಹೆದರಿಕೆ ಹುಟ್ಟಿಸಿತು. ಹನುಮಕ್ಕ ಎಂಬ ಹೆಸರಿನ ಕೆಳಗೆ ಯಂತ್ರ ಕಂಡದ್ದು ಹೊಗೆ ಕುಡಿದ, ಸ್ಟೆಂಟ್ ಹಾಕಿದ ಒಂದು ಗಂಡಸಿನ ಎದೆಯನ್ನು. ಅದರ ಮುಂದೆ ಈ ಎದೆ ಯಂತ್ರಕ್ಕೆ ಎಂದಿಗಿಂತ ಚೆನ್ನಾಗಿಯೇ ಕಂಡಿರಬೇಕು. ದವಡೆಯ ನೋವನ್ನಂತೂ ಅದು ಮರೆತೇಬಿಟ್ಟಿದೆ.

"ನಾಳೆ ದೊಡ್ಡಾಸ್ಪತ್ರೆಗೆ ಹೋಗನ ಅತ್ತಿಗೆ."

"ನಾಳೆ ಹೊಸ ನೆಲ್ಲು ನೆನೆಹಾಕಿರ್ತಾರೆ, ಬಿಟ್ಟು ಬರಕಾಗಲ್ಲ. ಹಸಿರು ಬಂತಲ್ಲ, ಇನ್ನೇನು?"

ಬೆಳಗ್ಗೆ ಕೇಂದ್ರಕ್ಕೆ ಬಂದವಳೇ ವನಜಾಕ್ಷಿ ಫರ್ಹಾನಾಳನ್ನು ಎಳೆದುಕೊಂಡು ನೀರಿನ ಟ್ಯಾಂಕಿನ ಹಿಂದೆ ಹೋದಳು. ಎಲ್ಲ ಹೇಳಿ, "ಡಾಕ್ಟರಿಗೆ ಹೇಳಿಬಿಡ್ತೀನಿ" ಅಂದಳು.

ಫರ್ಹಾನಾ ಸಿಡುಕಿದಳು. "ಹೇಳು. ಹೇಳಿದ ತಕ್ಷಣ ಎಲ್ಲ ಬಿಲ್ಲೆಗೂ ಹೆಬ್ಬೆಟ್ಟಿನ ಬೀಗ ಹಾಕ್ತಾರೆ, ಹೆಸರಿದ್ದವರ ಮೈಮೇಲೆ ಮಾತ್ರ ನಡೀತದೆ. ನಿಮ್ಮಣ್ಣನ ಎದೆ ಮೇಲಿಂದು ಹೋಗ್ತದೆ. ನಮ್ಮ ಅಬ್ಬಾಂದೂ ಹೋಗ್ತದೆ. ಅಮ್ಮಿ ಗಟ್ಟಿಮುಟ್ಟಾಗವ್ಳೆ, ಅಬ್ಬಾಗೆ ಎರಡು ಸಲ ಆಗೈತೆ. ನೀನೇ ಹೇಳು, ಯಾರಿಗೆ ಬೇಕು?"

"ಅಮ್ಮಿ ಗಟ್ಟಿಮುಟ್ಟು ಅಂತ ಯಾರು ನೋಡ್ಯಾರೆ?"

ಫರ್ಹಾನಾ ದುಪಟ್ಟಾ ಸರಿಪಡಿಸಿಕೊಂಡು ಒಳಗೆ ನಡೆದಳು.

ಒಂದು ಬಿಲ್ಲೆ, ಎರಡು ಎದೆ. ಹೇಳಿದರೆ ಅಣ್ಣನ ಎದೆ ಬರಿದಾಗುತ್ತದೆ, ಹೇಳದಿದ್ದರೆ ಅತ್ತಿಗೆಗೆ ಆ ಬಾಗಿಲು ತೆರೆಯುವುದೇ ಇಲ್ಲ. ವನಜಾಕ್ಷಿ ಇನಾಮದಾರರ ಕೋಣೆಯವರೆಗೆ ಹೋದಳು, ವಾಪಸ್ಸು ಬಂದಳು, ಮತ್ತೆ ಹೋದಳು. ಕೊನೆಗೆ ಬಾಗಿಲು ತಟ್ಟದೆ ನುಗ್ಗಿಯೇಬಿಟ್ಟಳು.

ಇನಾಮದಾರರು ಪೂರ್ತಿ ಕೇಳಿದರು. ಬೈಯಲಿಲ್ಲ.

"ಧಾರವಾಡದಾಗ ನಮ್ಮ ಅವ್ವನ ಬಿಲ್ಲಿ ನಮ್ಮ ಅಪ್ಪನ ಎದಿ ಮ್ಯಾಲದ," ಎಂದರು ಆಮೇಲೆ. "ನಾನ ಹಚ್ಚಿ ಬಂದೆ. ಅಪ್ಪಗ ಬೀಪಿ ಅದ ಅಂತ. ಅವ್ವ ಒಂದು ಮಾತು ಆಡಲಿಲ್ಲ. ಇಷ್ಟು ಓದಿ, ಅದನ್ನೂ ಯಂತ್ರ ಹೇಳಿದ್ದನ್ನೂ ಒಂದರ ಪಕ್ಕ ಒಂದು ಇಟ್ಟು ನೋಡೂದು ನನಗ ಹೊಳೀಲೇ ಇಲ್ಲ."

"ಈಗೇನು ಮಾಡ್ತೀರಿ ಸರ್?"

"ಮ್ಯಾಲಿನವರಿಗೆ ಹೇಳಬೇಕು, ಈ ಬಾಗಿಲದ ವ್ಯವಸ್ಥಾ ಇವತ್ತ ನಿಲ್ಲಿಸ್ರಿ ಅಂತ. ಅದು ನನ್ನ ಕೈಯಾಗಿಲ್ಲ. ಆದ್ರ ಅವರು ಮೊದಲು ಮಾಡೂದು ಬೀಗ ಹಾಕೂದು, ಅದೂ ಖರೇ."

ಅವರು ಫೋನ್ ಎತ್ತಿಕೊಂಡರು. ಅದೇ ಹೊತ್ತಿಗೆ ವನಜಾಕ್ಷಿಯ ಫೋನೂ ಬಡಿದುಕೊಂಡಿತು. ಆ ಕಡೆ ಅಣ್ಣ ತೊದಲುತ್ತಿದ್ದ. ಹನುಮಕ್ಕ ಭಟ್ಟಿಯ ಮುಂದೆ ವಾಂತಿ ಮಾಡಿಕೊಂಡು ಕೂತುಬಿಟ್ಟಿದ್ದಾಳಂತೆ, ಮೈಯೆಲ್ಲ ತಣ್ಣಗೆ ಬೆವರುತ್ತಿದೆಯಂತೆ. ಆಟೋ ಹಿಡಿದಿದ್ದಾನಂತೆ.

ವನಜಾಕ್ಷಿ ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದಳು.

ದೊಡ್ಡಾಸ್ಪತ್ರೆಯ ನೆಲಮಹಡಿಯಲ್ಲೇ ಹೃದಯ ವಾರ್ಡು. ಹೊಸದಾಗಿ ಕೂಡಿಸಿದ ಗಾಜಿನ ಬಾಗಿಲು, ಪಕ್ಕದಲ್ಲಿ ಸುತ್ತಮುತ್ತಲ ಬಿಲ್ಲೆಗಳನ್ನು ದೂರದಿಂದಲೇ ಓದುವ ಒಂದು ಪೆಟ್ಟಿಗೆ. ಬಾಗಿಲ ಮುಂದೆ ಚಕ್ರದ ಕುರ್ಚಿಯಲ್ಲಿ ಹನುಮಕ್ಕ ಒಂದು ಕಡೆ ವಾಲಿಕೊಂಡಿದ್ದಳು. ಮುಖ ಬೂದಿ ಬಳಿದಂತಾಗಿತ್ತು. ಅಣ್ಣ ಆಗಲೇ ಬಿಲ್ಲೆ ಬಿಚ್ಚಿ ಅವಳಿಗೆ ಅಂಟಿಸಿದ್ದ. ಬಿಲ್ಲೆ ಹಸಿರಾಗಿತ್ತು.

"ಸಿಸ್ಟರ್, ಬಾಗಿಲು ತೆಗೀರಿ. ಹೃದಯಾಘಾತ ಆಗ್ತೈತೆ ಇವರಿಗೆ."

ಬಾಗಿಲಾಚೆಯ ನರ್ಸಮ್ಮ ಕೆಟ್ಟವಳೇನಲ್ಲ. ಗಾಜಿಗೆ ಬಾಯಿ ಹತ್ತಿರ ತಂದು, "ನನ್ನ ಕೈಯಲ್ಲಿ ಕೀಲಿಯೇ ಇಲ್ಲಮ್ಮ. ಕೆಂಪು ಬಂದ್ರೆ ತಾನೇ ತೆರೆಯುತ್ತೆ. ಹಸಿರಿಗೆ ಚೀಟಿ ಸಾಲು ಆ ಕಡೆ" ಎಂದಳು. ಚೀಟಿ ಸಾಲು ಗೇಟಿನಾಚೆ ರಸ್ತೆಯವರೆಗೆ ಹಬ್ಬಿತ್ತು.

ವನಜಾಕ್ಷಿ ಇನಾಮದಾರರಿಗೆ ಫೋನ್ ಮಾಡಿದಳು. ಅವರ ಫೋನಿಗೆ ಬಿಡುವಿರಲಿಲ್ಲ. ಇವಳು ಹೇಳಿದ್ದನ್ನೇ ಮೇಲಿನವರಿಗೆ ಹೇಳುತ್ತಿದ್ದಿರಬೇಕು. ಮತ್ತೆ ಮಾಡಿದಳು, ಮತ್ತೆ ಮಾಡಿದಳು. ಗಾಜಿನ ಬಾಗಿಲಿಗೆ ಕೈಯಿಂದ ಗುದ್ದಿದಳು. ಹನುಮಕ್ಕ ಕಣ್ಣು ಅರೆ ತೆರೆದು, "ಗಲಾಟೆ ಮಾಡಬ್ಯಾಡವ್ವ, ಹಸಿರೈತಲ್ಲ... ಸೋಡಾ..." ಎಂದಳು. ತುಟಿ ನೀಲಿಗಟ್ಟುತ್ತಿತ್ತು.

ಆಗ ಹಾಲೇಶಪ್ಪ ಬಗ್ಗಿ, ಹೆಂಡತಿಯ ಎದೆಯಿಂದ ಬಿಲ್ಲೆಯನ್ನು ಕಿತ್ತು ತನ್ನ ಎದೆಗೆ ಅಂಟಿಸಿಕೊಂಡ.

ವನಜಾಕ್ಷಿಯ ಮೈ ಉರಿದುಹೋಯಿತು. ಹೆಂಡತಿ ಸಾಯುತ್ತ ಕೂತಿರುವಾಗಲೂ ಇವನಿಗೆ ತನ್ನದೇ ಚಿಂತೆ! "ಥೂ, ನೀನೂ ಒಬ್ಬ ಮನುಷ್ಯನಾ?" ಎಂದು ಅರಚಿದಳು.

ಹಾಲೇಶಪ್ಪ ಪಂಚೆ ಎತ್ತಿ ಕಟ್ಟಿ ಬಾಗಿಲ ಪಕ್ಕದ ಮೆಟ್ಟಿಲುಗಳ ಕಡೆ ತಿರುಗಿದ. ಒಂದೊಂದಾಗಿ ಅಲ್ಲ, ಎರಡೆರಡು ಮೆಟ್ಟಿಲು ಹಾರುತ್ತ ಮೇಲಕ್ಕೆ ಓಡತೊಡಗಿದ. ಮೊದಲ ಮಹಡಿ ಮುಟ್ಟಿ, ತಿರುಗಿ, ಧಡಧಡನೆ ಇಳಿದು ಬಂದ. ಮತ್ತೆ ಹತ್ತಿದ.

ಬಿಲ್ಲೆ ಹನುಮಕ್ಕನ ಹೆಸರಿನದು. ಅದು ಕೆಂಪಾದರೆ ಬಾಗಿಲು ತೆರೆಯುವುದೂ ಹನುಮಕ್ಕನ ಹೆಸರಿಗೇ. ಅಣ್ಣ ಏನು ಮಾಡುತ್ತಿದ್ದಾನೆಂದು ವನಜಾಕ್ಷಿಗೆ ಅರ್ಥವಾಯಿತು. ಅವನ ಎದೆಯ ಸ್ಥಿತಿ ಈ ಆಸ್ಪತ್ರೆಯಲ್ಲಿ ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ದಿನವೂ ಅದೇ ದೀಪವನ್ನು ಕಾಯುವವಳು ಅವಳು. ಬ್ಯಾಡ ಅಣ್ಣಾ, ನಿಲ್ಲು ಎನ್ನಬೇಕೆಂದು ನಾಲಗೆಯ ತುದಿಗೆ ಬಂತು. ಕುರ್ಚಿಯಲ್ಲಿ ವಾಲಿದ ಅತ್ತಿಗೆಯನ್ನು ನೋಡಿದಳು. ಬಂದ ಮಾತನ್ನು ನುಂಗಿಕೊಂಡಳು.

ಮೂರನೆಯ ಸಲ ಇಳಿದಾಗ ಹಾಲೇಶಪ್ಪನ ಬಾಯಿ ತೆರೆದಿತ್ತು, ಗಂಟಲಿನಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಬಿಲ್ಲೆ ಹಳದಿ. "ಇನ್ನೂ ಬರಲಿಲ್ವೇನೇ?" ಎಂದು ಕೇಳಿ ಮತ್ತೆ ತಿರುಗಿದ. ಮೆಟ್ಟಿಲ ಮಧ್ಯೆ ಕಂಬಿ ಹಿಡಿದು ಒಂದು ಗಳಿಗೆ ನಿಂತ. ಅಲ್ಲಿಂದ ಮುಂದೆ ಓಡಲಾಗಲಿಲ್ಲ. ಕೈಯೂರಿ ಹತ್ತಿದ.

ವನಜಾಕ್ಷಿಯ ಫೋನ್ ಬಡಿಯಿತು. ಫರ್ಹಾನಾ ಕಿರುಚುತ್ತಿದ್ದಳು: "ವನಜಾ, ನಿಮ್ಮನೆ ದೀಪ ಕೆಂಪಾಗೈತೆ!"

ಗಾಜಿನ ಬಾಗಿಲು ಎರಡು ಹೋಳಾಗಿ ಸರಿಯಿತು. "ಹನುಮಕ್ಕ, ಗಂಡ ಹಾಲೇಶಪ್ಪ, ಹಾಸಿಗೆ ಸಿದ್ಧವಿದೆ" ಎಂದಿತು ಯಂತ್ರದ ನಯವಾದ ದನಿ. ನರ್ಸಮ್ಮ ಕುರ್ಚಿಯನ್ನು ಸರಕ್ಕನೆ ಒಳಗೆಳೆದುಕೊಂಡಳು, ವನಜಾಕ್ಷಿ ಹಿಂದೆಯೇ ನುಗ್ಗಿದಳು. ಹಾಸಿಗೆಗೆ ಹಾಕಿ, ಎದೆಗೆ ತಂತಿಗಳನ್ನು ಹಚ್ಚಿದರು. ಹಳೆಯ ಕಾಲದ ಇಸಿಜಿ ಯಂತ್ರ ಕಾಗದ ಉಗುಳಿತು. ಡ್ಯೂಟಿ ಡಾಕ್ಟರು ಅದನ್ನು ಹಿಡಿದು ನೋಡಿದವರೇ ದನಿ ಬದಲಿಸಿದರು. "ದೊಡ್ಡ ನಾಳವೇ ಕಟ್ಟಿದೆ. ಥಿಯೇಟರ್ ರೆಡಿ ಮಾಡಿ. ಬೇಗ, ಬೇಗ!"

ಹೊರಗೆ ಯಾರೋ "ಅಯ್ಯೋ, ಹಿಡಕಳ್ರೋ" ಎಂದು ಕೂಗಿಕೊಂಡರು.

ವನಜಾಕ್ಷಿ ಗಾಜಿನಿಂದಾಚೆ ನೋಡಿದಳು. ಅಣ್ಣ ಮೇಲಿನಿಂದ ಉರುಳಿ, ಕೆಳಗಿನ ಮೆಟ್ಟಿಲ ಮೇಲೆ ಅಂಗಾತ ಬಿದ್ದಿದ್ದ. ಬನಿಯನ್ನಿನ ಒಳಗಿನಿಂದ ಕೆಂಪು ಬೆಳಕು ಬಿಡದೆ ಉರಿಯುತ್ತಿತ್ತು. ಇಬ್ಬರು ವಾರ್ಡ್‌ಬಾಯ್‌ಗಳು ಅವನನ್ನು ಎತ್ತಿ ತಂದು ಬಾಗಿಲ ಮುಂದೆ ಹಿಡಿದರೆ, ಮತ್ತೆ ಮುಚ್ಚಿಕೊಂಡಿದ್ದ ಬಾಗಿಲು ಕದಲಲಿಲ್ಲ. ಆ ಹೆಸರಿನವರಿಗೆ ಹಾಸಿಗೆ ಕೊಟ್ಟಾಗಿದೆ ಎಂದಿತು ಯಂತ್ರ.

ಅಷ್ಟರಲ್ಲಿ, ವನಜಾಕ್ಷಿಯ ಹಿಂದೆಯೇ ಕೇಂದ್ರದಿಂದ ಹೊರಟಿದ್ದ ಇನಾಮದಾರರು ಓಡಿ ಬಂದರು. ಯಾರನ್ನೂ ಏನೂ ಕೇಳಲಿಲ್ಲ. ನೆಲದ ಮೇಲೇ ಮಂಡಿಯೂರಿ ಕೂತು, ಹಾಲೇಶಪ್ಪನ ನಾಲಗೆಯ ಕೆಳಗೆ ಮಾತ್ರೆ ಇಟ್ಟು, "ಆಕ್ಸಿಜನ್ ಹೊರಗ ತರ್ರೀ! ಬಾಗಿಲ ಒಡೀರಿ ಬೇಕಾದ್ರ, ನಾನು ಜವಾಬ್ದಾರ!" ಎಂದು ಕೂಗಿದರು. ಅವರ ಕನ್ನಡಕ ಎಲ್ಲೋ ಬಿದ್ದುಹೋಗಿತ್ತು.

ಆ ಕೂಗು ಹನುಮಕ್ಕನ ಕಿವಿಗೂ ಬಿತ್ತು. ಕತ್ತು ಹೊರಳಿಸಿ ಗಾಜಿನಾಚೆ ನೋಡಿದಳು. ಗಂಡ ನೆಲದ ಮೇಲೆ ಬಿದ್ದಿದ್ದ. ತಾನು ಬಿಳಿ ಹಾಸಿಗೆಯ ಮೇಲೆ ಮಲಗಿದ್ದಳು. ಅವಳಿಗೆ ಅದಕ್ಕಿಂತ ದೊಡ್ಡ ತಪ್ಪು ಲೋಕದಲ್ಲಿ ಇನ್ನೊಂದಿರಲಿಲ್ಲ. ಎಲ್ಲಿತ್ತೋ ಆ ಶಕ್ತಿ, ತಂತಿಗಳನ್ನು ಕಿತ್ತುಕೊಳ್ಳುತ್ತ ಎದ್ದು ಕೂತಳು.

"ಬಿಡ್ರಿ ನನ್ನ, ಏಳ್ತೀನಿ. ಅವರನ್ನ ಇಲ್ಲಿ ಮಲಗ್ಸ್ರಿ. ನನಗೇನಾಗೈತೆ? ನಾ ಚಾಪೆ ಮೇಲೆ ಬಿದ್ದಿರ್ತೀನಿ."

ನರ್ಸಮ್ಮ ಹಿಡಿಯಲು ಹೋದರೆ ಕೈ ಕೊಡವಿದಳು. ಒಂದು ಕಾಲು ಕೆಳಗೆ ಇಳಿದೇಬಿಟ್ಟಿತು. ತಲೆಯ ಹತ್ತಿರದ ಯಂತ್ರ ಅಡ್ಡಾದಿಡ್ಡಿ ಕೂಗತೊಡಗಿತು.

ವನಜಾಕ್ಷಿ ಓಡಿ ಬಂದು ಅತ್ತಿಗೆಯ ಎರಡೂ ಭುಜಗಳನ್ನು ಹಿಡಿದು ಹಾಸಿಗೆಗೆ ಒತ್ತಿದಳು. ಹನುಮಕ್ಕ ಭಟ್ಟಿಯಲ್ಲಿ ದುಡಿದ ಹೆಂಗಸು, ಸಾಯುವ ಹೊತ್ತಿನಲ್ಲೂ ತೋಳು ಗಟ್ಟಿಯಿತ್ತು. ವನಜಾಕ್ಷಿ ತನ್ನ ಮೈಭಾರವನ್ನೆಲ್ಲ ಅವಳ ಮೇಲೆ ಹಾಕಿದಳು. ಹೊರಗೆ ಇನಾಮದಾರರು ಅಣ್ಣನ ಹೆಸರು ಹಿಡಿದು ಕೂಗುತ್ತಿದ್ದರು, "ಹಾಲೇಶಪ್ಪ, ಕಣ್ಣ ತೆಗೀರಿ, ಹಾಲೇಶಪ್ಪ." ಅವಳು ತಿರುಗಿ ನೋಡಲಿಲ್ಲ. ನೋಡಿದರೆ ಕೈ ಸಡಿಲವಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅಳು ಮಾತ್ರ ತಡೆಯಲಾಗಲಿಲ್ಲ, ಅತ್ತಿಗೆಯ ಮುಖದ ಮೇಲೇ ಸುರಿಯಿತು.

"ಬಿಡೇ ವನಜಿ... ನಿಮ್ಮಣ್ಣ ಕಣೇ ಅವರು."

"ಗೊತ್ತು."

"ನಿನ್ನ ಒಡಹುಟ್ಟಿದವರು ಕಣೇ..."

"ಗೊತ್ತು ಅತ್ತಿಗೆ. ಮಲಕ್ಕೋ."

ಹನುಮಕ್ಕ ಅವಳ ಮುಖವನ್ನೇ ದಿಟ್ಟಿಸಿದಳು. ತನ್ನನ್ನು ಹೀಗೆ ಯಾರಾದರೂ ಬಲವಂತದಿಂದ ಮಲಗಿಸಿದ್ದು ಅವಳಿಗೆ ಹೊಸದು. ತೋಳಿನ ಬಿಗಿ ಇಳಿಯಿತು. ಇಳಿಬಿಟ್ಟ ಕಾಲನ್ನು ನರ್ಸಮ್ಮ ಎತ್ತಿ ಹಾಸಿಗೆಯ ಮೇಲಿಟ್ಟಳು. ಡಾಕ್ಟರು ತಂತಿಗಳನ್ನು ಮತ್ತೆ ಹಚ್ಚಿ, ಹಾಸಿಗೆಯ ಚಕ್ರದ ತಡೆ ಬಿಚ್ಚಿ, ಥಿಯೇಟರಿನ ಕಡೆಗೆ ತಳ್ಳಿಕೊಂಡು ಹೋದರು. ಆ ಬಾಗಿಲು ಮುಚ್ಚುವವರೆಗೂ ವನಜಾಕ್ಷಿ ಅತ್ತಿಗೆಯ ಕೈ ಬಿಡಲಿಲ್ಲ.

ಬಾಗಿಲು ಮುಚ್ಚಿತು. ಅವಳು ತಿರುಗಿ, ಅಣ್ಣ ಬಿದ್ದಿದ್ದ ಕಡೆಗೆ ಓಡಿದಳು.